ಲೇಸರ್‌ನವರು ಡಿಎಕ್ಸ್‌ಎಫ್ ಕೇಳಿದಾಗ: ಸಣ್ಣ ಫ್ಯಾಬ್ರಿಕೇಶನ್ ಘಟಕಕ್ಕೆ ಕೈಗೆಟುಕುವ ಡಿಸೈನ್ ಸಾಫ್ಟ್‌ವೇರ್

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಮೂರ್ನಾಲ್ಕು ಜನರನ್ನು ಇಟ್ಟುಕೊಂಡು ಫ್ಯಾಬ್ರಿಕೇಶನ್ ಶೆಡ್ ನಡೆಸುವವರಿಗೆ ಈ ಮಾತು ಹೊಸದೇನಲ್ಲ. ಶೀಟ್ ಕಟ್ಟಿಂಗ್‌ಗೆಂದು ಲೇಸರ್‌ನವರ ಬಳಿ ಹೋದರೆ, "ಡಿಎಕ್ಸ್‌ಎಫ್ ಕಳಿಸಿಬಿಡಿ ಸಾರ್" ಎನ್ನುತ್ತಾರೆ. ನಿಮ್ಮ ಹತ್ತಿರ ಇರುವುದು ನೋಟ್‌ಬುಕ್ ಹಾಳೆಯ ಮೇಲೆ ಪೆನ್ನಲ್ಲಿ ಗೀಚಿದ ಸ್ಕೆಚ್ಚು. ಅದರ ಫೋಟೊ ತೆಗೆದು ವಾಟ್ಸಾಪ್ ಮಾಡುತ್ತೀರಿ. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ತನಗೆ ಅರ್ಥವಾದ ಹಾಗೆ ಬರೆದುಕೊಂಡು ಡ್ರಾಯಿಂಗ್ ಚಾರ್ಜ್ ಹಾಕುತ್ತಾನೆ. ನೀವು ಬರೆದ 35 ಅವನ ಕಣ್ಣಿಗೆ 85 ಆಗಿ ಕಂಡು ಮಾಲು ಸ್ಕ್ರಾಪ್ ಆದರೆ, ದುಡ್ಡು ಯಾರು ಕೊಡಬೇಕೆಂಬ ಜಗಳ ಬೇರೆ.

ಹೀಗಾದ ಮೇಲೆ "ನಾವೂ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳೋಣ" ಎನ್ನಿಸುತ್ತದೆ. ಯಾರೋ ಲಕ್ಷಗಟ್ಟಲೆ ಬೆಲೆಯ ಪ್ಯಾಕೇಜಿನ ಹೆಸರು ಹೇಳುತ್ತಾರೆ, ಇನ್ಯಾರೋ ಅದನ್ನೇ ಪೆನ್‌ಡ್ರೈವ್‌ನಲ್ಲಿ ಪುಕ್ಕಟೆ ತಂದುಕೊಡುತ್ತೇನೆ ಎನ್ನುತ್ತಾರೆ. ಎರಡೂ ಬೇಡ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ತಪ್ಪುವುದೇ ಹೆಚ್ಚು. ನಿಮ್ಮ ಶೆಡ್ಡಿನಿಂದ ಹೊರಗೆ ಹೋಗಬೇಕಾದ ಫೈಲ್ ಎಂಥದು, ಒಳಗೆ ಬರುವ ಫೈಲ್ ಎಂಥದು ಎಂದು ಮೊದಲು ನೋಡಿಕೊಳ್ಳಿ. ಬಹುಪಾಲು ಸಣ್ಣ ಘಟಕಗಳಿಗೆ ಬೇಕಾಗಿರುವುದು ನೆಟ್ಟಗಿನ ಒಂದು 2ಡಿ ಡ್ರಾಯಿಂಗ್ ಮತ್ತು ಬೆಂಡಿಂಗ್ ಇದ್ದರೆ ಸರಿಯಾದ ಡೆವಲಪ್‌ಮೆಂಟ್, ಅಂದರೆ ಬಗ್ಗಿಸುವ ಮೊದಲಿನ ಚಪ್ಪಟೆ ಹಾಳೆಯ ಅಳತೆ. ಇವೆರಡಕ್ಕೂ ಲಕ್ಷ ರೂಪಾಯಿ ಬೇಕಿಲ್ಲ.

ಮಷಿನ್ ಅಂಕಿ ಓದುವುದಿಲ್ಲ

ಡಿಎಕ್ಸ್‌ಎಫ್ ಎಂಬುದು ಆಟೋಡೆಸ್ಕ್ ಕಂಪನಿ 1982ರಲ್ಲಿ ಆಟೋಕ್ಯಾಡ್ ಜೊತೆಗೇ ತಂದ ಫೈಲ್ ರೂಪ. ಒಂದು ಸಾಫ್ಟ್‌ವೇರ್‌ನ ಡ್ರಾಯಿಂಗ್ ಇನ್ನೊಂದರಲ್ಲಿ ತೆರೆಯಲಿ ಎಂಬುದು ಅದರ ಉದ್ದೇಶ. ಅದರ ವಿವರಗಳನ್ನು ಕಂಪನಿಯೇ ಪ್ರಕಟಿಸಿದ್ದರಿಂದ ಎಲ್ಲರೂ ಬಳಸತೊಡಗಿದರು. ಇವತ್ತು ಲೇಸರ್, ಪ್ಲಾಸ್ಮಾ, ವಾಟರ್‌ಜೆಟ್ ಯಾವ ಮಷಿನ್‌ಗಾದರೂ ಅದನ್ನೇ ಕೊಡುವುದು ರೂಢಿ. ಹಾಗಾಗಿ ದುಬಾರಿ ಪ್ಯಾಕೇಜಿನಿಂದ ಬಂದ ಡಿಎಕ್ಸ್‌ಎಫ್‌ಗೂ ಪುಕ್ಕಟೆ ಸಾಫ್ಟ್‌ವೇರ್‌ನಿಂದ ಬಂದ ಡಿಎಕ್ಸ್‌ಎಫ್‌ಗೂ ಮಷಿನ್ ಭೇದ ಮಾಡುವುದಿಲ್ಲ. ಗೆರೆ ಸರಿ ಇದ್ದರೆ ಆಯಿತು.

ಗೆರೆ ಎಂದೆ, ಅಂಕಿ ಎನ್ನಲಿಲ್ಲ. ಮಷಿನ್‌ನ ಕಂಟ್ರೋಲರ್ ನೀವು ಹಾಕಿದ ಡೈಮೆನ್ಷನ್ ಓದುವುದಿಲ್ಲ, ಗೆರೆಯ ಮೇಲೆ ಓಡುತ್ತದೆ. ಗೆರೆ 198 ಮಿ.ಮೀ. ಇದ್ದು ಅದರ ಪಕ್ಕದ ಅಂಕಿಯನ್ನು ಕೈಯಾರೆ 200 ಎಂದು ತಿದ್ದಿದರೆ, ಕಟ್ ಆಗಿ ಬರುವುದು 198. ಕಾಗದದ ಡ್ರಾಯಿಂಗ್‌ನಲ್ಲಿ ಅಂಕಿಯೇ ದೊಡ್ಡದು, ಇಲ್ಲಿ ಹಾಗಲ್ಲ. ಆದ್ದರಿಂದ ಯಾವ ಸಾಫ್ಟ್‌ವೇರ್ ಆದರೂ ಅಳತೆಗೆ ಅಳತೆ, ಒಂದಕ್ಕೊಂದು ಸ್ಕೇಲ್‌ನಲ್ಲೇ ಬರೆಯುವ ಅಭ್ಯಾಸ ಬೇಕು.

ಮೊದಲು ನಿಮ್ಮ ಕೆಲಸ ವಿಂಗಡಿಸಿ

ಕಳೆದ ಎರಡು ಮೂರು ತಿಂಗಳ ಬಿಲ್ ಪುಸ್ತಕ ತೆಗೆದು ಕೂತರೆ ನಿಮ್ಮ ಕೆಲಸ ಯಾವ ಗುಂಪಿಗೆ ಸೇರುತ್ತದೆಂದು ಗೊತ್ತಾಗುತ್ತದೆ.

ಗೇಟು, ಗ್ರಿಲ್, ಶೆಡ್ಡಿನ ಟ್ರಸ್, ಮೆಟ್ಟಿಲ ರೇಲಿಂಗ್‌ಗಳೇ ಹೆಚ್ಚಾಗಿದ್ದರೆ ನಿಮಗೆ ಬೇಕಾದದ್ದು 2ಡಿ ಡ್ರಾಯಿಂಗ್ ಮತ್ತು ಒಂದು ಕಟ್ಟಿಂಗ್ ಲಿಸ್ಟ್. ಲಿಸ್ಟಿಗೆ ಲಿಬ್ರೆಆಫೀಸ್ ಕ್ಯಾಲ್ಕ್‌ನಂಥ ಉಚಿತ ಸ್ಪ್ರೆಡ್‌ಶೀಟ್ ಸಾಕು. ಎಂ.ಎಸ್. ಶೀಟಿಗೆ 1 ಚದರ ಮೀಟರ್, 1 ಮಿ.ಮೀ. ದಪ್ಪಕ್ಕೆ 7.85 ಕೆ.ಜಿ. ಎಂಬ ಲೆಕ್ಕವನ್ನು ಒಂದು ಕಾಲಂನಲ್ಲಿ ಹಾಕಿಟ್ಟರೆ ಕೊಟೇಶನ್ ಕೊಡುವಾಗ ತೂಕ ತಾನಾಗಿ ಬರುತ್ತದೆ. 2500 × 1250 ಅಳತೆಯ 2 ಮಿ.ಮೀ. ಹಾಳೆ 49 ಕೆ.ಜಿ. ಚಿಲ್ಲರೆ ತೂಗುವುದು ಇದೇ ಲೆಕ್ಕದಿಂದ.

ಪ್ಯಾನೆಲ್ ಬಾಕ್ಸ್, ಡಕ್ಟ್, ಮಷಿನ್ ಕವರ್, ಬ್ರಾಕೆಟ್ ಮಾಡುವವರಿಗೆ ಬೆಂಡಿಂಗ್ ಇರುತ್ತದೆ. ಇವರಿಗೆ 3ಡಿಯಲ್ಲಿ ಮಾದರಿ ಮಾಡಿ ಅದನ್ನು ಬಿಡಿಸಿ ಚಪ್ಪಟೆ ಹಾಳೆಯ ಅಳತೆ ಕೊಡುವ ಶೀಟ್ ಮೆಟಲ್ ಸೌಲಭ್ಯ ಬೇಕು. ದೊಡ್ಡ ಕಂಪನಿಗಳಿಗೆ ವೆಂಡರ್ ಆಗಿರುವವರದು ಮೂರನೇ ಗುಂಪು: ಅವರು ಕಳಿಸುವ ಡಿಡಬ್ಲ್ಯುಜಿ (ಆಟೋಕ್ಯಾಡ್‌ನ ಮೂಲ ಫೈಲ್ ರೂಪ) ಅಥವಾ 3ಡಿ ಮಾದರಿಯ ಸ್ಟೆಪ್ ಫೈಲ್ ನಿಮ್ಮಲ್ಲಿ ತಪ್ಪಿಲ್ಲದೆ ತೆರೆಯಬೇಕು. ಇಲ್ಲಿ ಆಯ್ಕೆ ನಿಮ್ಮ ಕೈಯಲ್ಲಿ ಅರ್ಧ ಮಾತ್ರ ಇರುತ್ತದೆ, ಉಳಿದರ್ಧ ಗಿರಾಕಿಯ ಕೈಯಲ್ಲಿ.

'ಫ್ರೀ' ಎಂದರೆ ಯಾವ ಫ್ರೀ?

ಗೊಂದಲ ಹೆಚ್ಚಿರುವುದು ಇಲ್ಲೇ. ಡೌನ್‌ಲೋಡ್‌ಗೆ ದುಡ್ಡು ಕೇಳಲಿಲ್ಲ ಎಂದ ಮಾತ್ರಕ್ಕೆ ವ್ಯಾಪಾರಕ್ಕೆ ಬಳಸಬಹುದು ಎಂದಲ್ಲ.

1. ವ್ಯಾಪಾರಕ್ಕೂ ಉಚಿತ. ಫ್ರೀಕ್ಯಾಡ್, ಲಿಬ್ರೆಕ್ಯಾಡ್, ಕ್ಯೂಕ್ಯಾಡ್‌ನ ಕಮ್ಯುನಿಟಿ ಆವೃತ್ತಿ, ಇಂಕ್‌ಸ್ಕೇಪ್ ಈ ಸಾಲಿನವು. ಇವು ಓಪನ್ ಸೋರ್ಸ್, ಗಳಿಕೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಲಿಬ್ರೆಕ್ಯಾಡ್ ಹಗುರ, ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ, ಆದರೆ 2ಡಿ ಮಾತ್ರ. ಅದು ಡಿಎಕ್ಸ್‌ಎಫ್‌ನಲ್ಲಿ ಸೇವ್ ಮಾಡುತ್ತದೆ, ಡಿಡಬ್ಲ್ಯುಜಿಯಲ್ಲಿ ಮಾಡುವುದಿಲ್ಲ.

2. ಹವ್ಯಾಸಕ್ಕೆ ಮಾತ್ರ ಉಚಿತ. ಆಟೋಡೆಸ್ಕ್ ಫ್ಯೂಷನ್‌ನ ಪರ್ಸನಲ್ ಆವೃತ್ತಿ, ಸಾಲಿಡ್ ಎಡ್ಜ್ ಕಮ್ಯುನಿಟಿ, ಬ್ರೌಸರ್‌ನಲ್ಲಿ ನಡೆಯುವ ಸ್ಕೆಚ್‌ಅಪ್ ಫ್ರೀ ಈ ಜಾತಿಯವು. ಬಿಲ್ ಹಾಕಿ ದುಡ್ಡು ಮಾಡುವ ಘಟಕಕ್ಕೆ ಇವು ಸಲ್ಲುವುದಿಲ್ಲ. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ಇನ್ನೊಂದು ತೊಡಕಿದೆ: ನೀವು ಬರೆದದ್ದೆಲ್ಲ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು. ಗಿರಾಕಿಯ ಡಿಸೈನ್ ಅಲ್ಲಿ ಹಾಕಿದರೆ ಅವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

3. ಒಮ್ಮೆ ಕೊಂಡು ಇಟ್ಟುಕೊಳ್ಳುವಂಥವು. ಕ್ಯೂಕ್ಯಾಡ್ ಪ್ರೊಫೆಷನಲ್ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ಡಿಡಬ್ಲ್ಯುಜಿಯನ್ನೂ ಓದಿ ಬರೆಯುತ್ತದೆ. ಬೆಲೆಗೆ ಹೋಲಿಸಿದರೆ ಸಣ್ಣ ಶೆಡ್ಡಿಗೆ ಇದಕ್ಕಿಂತ ಲಾಭದ ಕೊಳ್ಳುವಿಕೆ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆಟೋಕ್ಯಾಡ್ ಪಳಗಿದ ಕೈಗೆ ಪರಕೀಯ ಎನಿಸದ ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್, ಜಿಸ್ಟಾರ್‌ಕ್ಯಾಡ್‌ಗಳೂ ಇವೆ. ಇವುಗಳ ಬೆಲೆ ಡೀಲರ್‌ನಿಂದ ಡೀಲರ್‌ಗೆ ಬದಲಾಗುತ್ತದೆ, ಲಿಖಿತ ಕೊಟೇಶನ್ ತರಿಸಿಕೊಂಡು ಚೌಕಾಶಿ ಮಾಡಿ.

4. ವರ್ಷದ ಬಾಡಿಗೆಯವು. ಆಟೋಡೆಸ್ಕ್ 2016ರಲ್ಲಿ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಈಗ ಆಟೋಕ್ಯಾಡ್ ಎಲ್‌ಟಿ ಆಗಲಿ, ಫ್ಯೂಷನ್‌ನ ವಾಣಿಜ್ಯ ಆವೃತ್ತಿ ಆಗಲಿ ಚಂದಾ ಕಟ್ಟಿದಷ್ಟು ದಿನ ಮಾತ್ರ. ಎಲ್‌ಟಿಯಲ್ಲಿ 3ಡಿ ಇಲ್ಲ ಎಂಬುದು ನೆನಪಿರಲಿ.

ಕಂಪನಿಯ ಔದಾರ್ಯದ 'ಫ್ರೀ' ಎಷ್ಟು ದಿನ ಎಂಬುದಕ್ಕೆ ಡ್ರಾಫ್ಟ್‌ಸೈಟ್ ಉದಾಹರಣೆ. ಡಸೊ ಸಿಸ್ಟಮ್ಸ್‌ನ ಈ 2ಡಿ ಸಾಫ್ಟ್‌ವೇರ್ ಬಹಳ ವರ್ಷ ಪುಕ್ಕಟೆ ಇತ್ತು, ನಂಬಿ ಹಾಕಿಕೊಂಡವರು ಲೆಕ್ಕವಿಲ್ಲ. 2019ರ ಆವೃತ್ತಿಯಿಂದ ಹಣ ಕಟ್ಟುವುದು ಕಡ್ಡಾಯವಾಯಿತು, ಆ ವರ್ಷದ ಡಿಸೆಂಬರ್ 31 ದಾಟಿದ ಮೇಲೆ ಹಳೆಯ ಉಚಿತ ಆವೃತ್ತಿಗಳೂ ಓಡುವುದು ನಿಂತವು. ಓಪನ್ ಸೋರ್ಸ್‌ಗೆ ಈ ಭಯವಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಇರುವುದನ್ನು ಯಾರೂ ಬಂದ್ ಮಾಡಲಾರರು.

ಇನ್ನು ಪೆನ್‌ಡ್ರೈವ್‌ನ ಕ್ರ್ಯಾಕ್ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ಕಳ್ಳಪ್ರತಿ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಬಳಸದಿದ್ದವರಿಗೆ ನ್ಯಾಯಾಲಯ ಜೈಲಿನಿಂದ ರಿಯಾಯಿತಿ ತೋರಬಹುದು, ವ್ಯಾಪಾರಕ್ಕೆ ಬಳಸುವ ನಿಮಗೆ ಆ ಬಾಗಿಲೂ ಇಲ್ಲ. ಕ್ರ್ಯಾಕ್ ಜೊತೆ ವೈರಸ್ ಬಂದು, ಅದೇ ಕಂಪ್ಯೂಟರ್‌ನಲ್ಲಿರುವ ಟ್ಯಾಲಿ ಲೆಕ್ಕಪತ್ರ ಹೋದರೆ ಆಗುವ ಗೋಳು ಬೇರೆಯೇ.

ಬೆಂಡಿಂಗ್: ಲೆಕ್ಕ ನಿಮ್ಮ ಮಷಿನ್‌ನಿಂದಲೇ ಬರಬೇಕು

ಶೀಟ್ ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲೋ ಒಂದು ಪದರ ಹಿಗ್ಗದೆ ಕುಗ್ಗದೆ ಉಳಿಯುತ್ತದೆ. ಒಳಮೈಯಿಂದ ಅಳೆದರೆ ದಪ್ಪದ ಎಷ್ಟನೇ ಭಾಗದಲ್ಲಿ ಆ ಪದರ ಇದೆ ಎಂಬ ಸಂಖ್ಯೆಯೇ ಕೆ ಫ್ಯಾಕ್ಟರ್. ಸಾಮಾನ್ಯವಾಗಿ 0.33ರಿಂದ 0.5ರ ಒಳಗಿರುತ್ತದೆ. ಸಾಫ್ಟ್‌ವೇರ್ ಈ ಸಂಖ್ಯೆ ಹಿಡಿದೇ ಡೆವಲಪ್‌ಮೆಂಟ್ ತೆಗೆಯುವುದು. ನೀವು ಕೊಡದಿದ್ದರೆ ತನ್ನಲ್ಲಿರುವ ಯಾವುದೋ ಒಂದನ್ನು ಹಾಕಿಕೊಳ್ಳುತ್ತದೆ, ಅಳತೆ ಒಂದು ಮಿ.ಮೀ. ಆಚೀಚೆ ಹೋದಾಗ ಬೈಗುಳ ಸಾಫ್ಟ್‌ವೇರ್‌ಗೆ.

ಎಷ್ಟೇ ದುಬಾರಿ ಪ್ಯಾಕೇಜ್ ಆದರೂ ನಿಮ್ಮ ಪ್ರೆಸ್ ಬ್ರೇಕ್ ಅದಕ್ಕೆ ಗೊತ್ತಿರುವುದಿಲ್ಲ. ಅದನ್ನು ತಿಳಿಸುವ ದಾರಿ ಸುಲಭ. 2 ಮಿ.ಮೀ. ಶೀಟಿನಿಂದ ಸರಿಯಾಗಿ 100 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ವರ್ನಿಯರ್‌ನಲ್ಲಿ ಉದ್ದ ಖಚಿತ ಮಾಡಿಕೊಂಡು, ನಡುವೆ 90 ಡಿಗ್ರಿಗೆ ಬಗ್ಗಿಸಿ. ಈಗ ಎರಡೂ ರೆಕ್ಕೆಗಳ ಹೊರ ಅಳತೆ ತೆಗೆಯಿರಿ. 51.8 ಮತ್ತು 51.7 ಬಂತೆಂದುಕೊಳ್ಳಿ, ಒಟ್ಟು 103.5. ಅಂದರೆ ಪ್ರತಿ ಬೆಂಡಿಗೆ 3.5 ಮಿ.ಮೀ. ಕಳೆಯಬೇಕು. ಹೊರ ಅಳತೆ 50 ಮತ್ತು 50 ಇರುವ ಬ್ರಾಕೆಟ್‌ಗೆ ಕತ್ತರಿಸಬೇಕಾದ ಪಟ್ಟಿ 96.5.

ಕೆ ಫ್ಯಾಕ್ಟರ್ ಬೇಕೆಂದರೆ ಇದೇ ಅಂಕಿಯಿಂದ ತೆಗೆಯಬಹುದು. ಒಳ ರೇಡಿಯಸ್ 2 ಎಂದಾದರೆ, ರೇಡಿಯಸ್ ಮತ್ತು ದಪ್ಪ ಕೂಡಿ ಎರಡರಿಂದ ಗುಣಿಸಿದರೆ 8. ಅದರಲ್ಲಿ 3.5 ಕಳೆದರೆ 4.5. ಅದನ್ನು 1.571ರಿಂದ ಭಾಗಿಸಿ, ಬಂದ 2.86ರಲ್ಲಿ ರೇಡಿಯಸ್ 2 ಕಳೆದು, ದಪ್ಪ 2ರಿಂದ ಭಾಗಿಸಿ: 0.43. ಇದನ್ನು ಸಾಫ್ಟ್‌ವೇರ್‌ನಲ್ಲಿ ಹಾಕಿಟ್ಟರೆ ಆ ದಪ್ಪ, ಆ ಡೈಗೆ ಕೆಲಸ ಮುಗಿಯಿತು.

ಆ ಡೈಗೆ ಎಂಬುದು ಮುಖ್ಯ. ಏರ್ ಬೆಂಡಿಂಗ್‌ನಲ್ಲಿ ಒಳ ರೇಡಿಯಸ್ ನಿರ್ಧರಿಸುವುದು ಹೆಚ್ಚಾಗಿ ವಿ ಡೈನ ಬಾಯಗಲ. ಎಂ.ಎಸ್. ಶೀಟಿಗೆ ಅದು ಬಾಯಗಲದ ಸುಮಾರು ಆರನೇ ಒಂದು ಭಾಗ. ಡೈ 12ರ ಬದಲು 16 ಆದರೆ ರೇಡಿಯಸ್ ಬದಲಾಗುತ್ತದೆ, ಕಳೆಯುವ ಅಂಕಿಯೂ ಬದಲಾಗುತ್ತದೆ. ಬೆಂಡಿಂಗ್ ಹೊರಗೆ ಮಾಡಿಸುವವರು ಆಪರೇಟರ್‌ನನ್ನು "ಈ ಮಾಲಿಗೆ ಯಾವ ಡೈ ಹಾಕ್ತೀರಣ್ಣ?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎಂ.ಎಸ್., ಎಸ್.ಎಸ್., ಅಲ್ಯೂಮಿನಿಯಂ ಮೂರಕ್ಕೂ ಬೇರೆ ಬೇರೆ ಪಟ್ಟಿ ಬಗ್ಗಿಸಿ ನೋಡಬೇಕು. ಈ ಅಂಕಿಗಳ ಒಂದು ಹಾಳೆ ಶೆಡ್ಡಿನ ಗೋಡೆಗೆ ಅಂಟಿಸಿದರೆ ಸಾಫ್ಟ್‌ವೇರ್ ಇಲ್ಲದ ದಿನವೂ ಉಪಯೋಗಕ್ಕೆ ಬರುತ್ತದೆ.

ಉಚಿತದಲ್ಲಿ ಈ ಕೆಲಸಕ್ಕೆ ಒದಗುವುದು ಫ್ರೀಕ್ಯಾಡ್. ಅದರ ಆ್ಯಡ್‌ಆನ್ ಮ್ಯಾನೇಜರ್‌ನಿಂದ ಶೀಟ್ ಮೆಟಲ್ ವರ್ಕ್‌ಬೆಂಚ್ ಹಾಕಿಕೊಳ್ಳಬೇಕು. ಬೇಸ್ ಹಾಳೆ ಬರೆದು, ಅಂಚು ಆರಿಸಿ ರೆಕ್ಕೆ ಎಬ್ಬಿಸಿ, ಕೆ ಫ್ಯಾಕ್ಟರ್ ಕೊಟ್ಟು ಅನ್‌ಫೋಲ್ಡ್ ಮಾಡಿದರೆ ಚಪ್ಪಟೆ ಆಕಾರ ಸಿಗುತ್ತದೆ, ಅದನ್ನು ಡಿಎಕ್ಸ್‌ಎಫ್‌ಗೆ ಕಳಿಸಬಹುದು. ಹಾಕುವುದಾದರೆ 2024ರ ನವೆಂಬರ್‌ನಲ್ಲಿ ಬಂದ 1.0 ಅಥವಾ ಅದರ ನಂತರದ್ದನ್ನೇ ಹಾಕಿ. ಅದಕ್ಕೂ ಹಿಂದಿನವುಗಳಲ್ಲಿ ಮೊದಲ ಸ್ಕೆಚ್ ತುಸು ತಿದ್ದಿದರೆ ಮುಂದಿನ ಹಂತಗಳು ಕಳಚಿಕೊಳ್ಳುವ ಕಾಟ ವಿಪರೀತ ಇತ್ತು, ಈಗ ಬಹಳ ಕಡಿಮೆಯಾಗಿದೆ. ಹಾಗೆಂದು ಇದು ಸಲೀಸಾದ ಸಾಫ್ಟ್‌ವೇರ್ ಅಲ್ಲ. ಮೊದಲ ವಾರ ತಲೆ ಕೆಡುತ್ತದೆ. ದಿನವೂ ಹತ್ತಾರು ಬಗೆಯ ಬಾಕ್ಸ್ ಬರೆಯುವ ಘಟಕವಾದರೆ ಫ್ಯೂಷನ್‌ನ ವಾಣಿಜ್ಯ ಚಂದಾ ಉಳಿಸುವ ಸಮಯಕ್ಕೆ ಬೆಲೆ ಕಟ್ಟಿ ನೋಡಿ, ಅದು ದುಬಾರಿ ಎನಿಸಲಾರದು.

ಕೊಳ್ಳುವ ಮೊದಲು ಪರೀಕ್ಷೆ

ಡೀಲರ್ ಡೆಮೊದಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಏಕೆಂದರೆ ಮಾದರಿ ಅವರದು. ನಿಮ್ಮ ಮಾಲನ್ನೇ ಕೊಟ್ಟು ನೋಡಿ.

1. ಈಗಾಗಲೇ ಮಾಡಿ ಮುಗಿಸಿದ, ಅಳತೆ ಸರಿ ಬಂದ ಒಂದು ಕೆಲಸ ಆರಿಸಿ. ಎರಡು ಬೆಂಡ್, ನಾಲ್ಕು ತೂತು ಇದ್ದರೆ ಸಾಕು.
2. ಟ್ರಯಲ್ ಆವೃತ್ತಿಯಲ್ಲಿ ಅದನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಬರೆಯಬೇಕಾದವರು ಮುಂದೆ ದಿನವೂ ಬಳಸುವವರು, ಮಾರಲು ಬಂದವರಲ್ಲ.
3. ಗಿರಾಕಿ ಒಂದು ಅಳತೆ ಬದಲಿಸಿದರು ಎಂದುಕೊಂಡು ಅದನ್ನು ತಿದ್ದಿ. ಹೊಸದಾಗಿ ಬರೆಯುವುದಕ್ಕಿಂತ ತಿದ್ದುವುದರಲ್ಲೇ ಸಾಫ್ಟ್‌ವೇರ್‌ನ ಗುಣ ಗೊತ್ತಾಗುವುದು.
4. ಡಿಎಕ್ಸ್‌ಎಫ್ ತೆಗೆದು ನಿಮ್ಮ ಲೇಸರ್‌ನವರಿಗೆ ಕಳಿಸಿ, ಅವರ ಸ್ಕ್ರೀನ್ ಮೇಲೆ ಅಳತೆ ಎಷ್ಟು ಬರುತ್ತಿದೆ ಎಂದು ಫೋನಿನಲ್ಲೇ ಕೇಳಿ.
5. ಒಂದು ಪೀಸ್ ಕಟ್ ಮಾಡಿಸಿ, ಬಗ್ಗಿಸಿ, ಹಳೆಯದರ ಪಕ್ಕ ಇಟ್ಟು ಅಳೆಯಿರಿ.

ಆಮೇಲೆ ಲೆಕ್ಕ. ತಿಂಗಳಿಗೆ 15 ಡ್ರಾಯಿಂಗ್ ಹೊರಗೆ ಮಾಡಿಸುತ್ತೀರಿ, ಒಂದಕ್ಕೆ 300 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 54,000. ಸಾಫ್ಟ್‌ವೇರ್‌ನ ಖರ್ಚು, ಕಲಿಕೆಯ ಸಮಯ ಎರಡೂ ಸೇರಿ ಇದರೊಳಗೆ ಇದ್ದರೆ ಮುಂದುವರಿಯಿರಿ. ತಿಂಗಳಿಗೆ ಎರಡೇ ಡ್ರಾಯಿಂಗ್ ಆದರೆ ಹೊರಗೆ ಮಾಡಿಸುವುದೇ ವಾಸಿ. ಸಾಫ್ಟ್‌ವೇರ್ ಮೇಲೆ ಶೇ. 18 ಜಿಎಸ್‌ಟಿ ಇದೆ. ರೆಗ್ಯುಲರ್ ಸ್ಕೀಮ್‌ನಲ್ಲಿದ್ದರೆ ಇನ್‌ಪುಟ್ ಸಿಗುತ್ತದೆ, ಕಾಂಪೊಸಿಷನ್‌ನವರು ಅದನ್ನೂ ಖರ್ಚೆಂದೇ ಹಿಡಿಯಬೇಕು.

ನೆಸ್ಟಿಂಗ್ ಸಾಫ್ಟ್‌ವೇರ್ ಬೇಕೆ ಎಂದು ಕೇಳುವವರಿದ್ದಾರೆ. ಸ್ವಂತ ಕಟ್ಟಿಂಗ್ ಮಷಿನ್ ಇಲ್ಲದಿದ್ದರೆ ಬೇಡ. ಹಾಳೆಯಲ್ಲಿ ಪೀಸು ಹೊಂದಿಸುವುದು ಲೇಸರ್‌ನವರ ಕೆಲಸ. ಅವರ ಸೈಪ್‌ಕಟ್‌ನಂಥ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲೇ ಆ ಸೌಲಭ್ಯ ಇರುತ್ತದೆ. ಒಂದು ಹಾಳೆಯಲ್ಲಿ ಎಷ್ಟು ಪೀಸು ಬರಬಹುದೆಂಬ ಅಂದಾಜಿಗೆ ಮಾತ್ರ ಬೇಕಾದರೆ ಡೀಪ್‌ನೆಸ್ಟ್ ಪುಕ್ಕಟೆ ಸಿಗುತ್ತದೆ.

ಕನ್ನಡ ನಾಮಫಲಕ ಬಂದಾಗ

ಗೇಟಿನ ಮೇಲೆ ಮನೆಯ ಹೆಸರು ಲೇಸರ್ ಕಟ್ಟಿಂಗ್‌ನಲ್ಲಿ ಬೇಕು ಎನ್ನುವವರು ಈಗ ಜಾಸ್ತಿ. ಹಲವು ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಎಲ್ಲೋ, ದೀರ್ಘ ಎಲ್ಲೋ ಬೀಳುತ್ತದೆ. ಇದಕ್ಕೆ ಇಂಕ್‌ಸ್ಕೇಪ್ ಬಳಸಿ. ಯೂನಿಕೋಡ್ ಫಾಂಟ್‌ನಲ್ಲಿ ಹೆಸರು ಟೈಪ್ ಮಾಡಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಟ್ಟು ಅಕ್ಷರವನ್ನು ಗೆರೆಯಾಗಿಸಿ, ಯೂನಿಯನ್ ಮಾಡಿ ಒಂದರ ಮೇಲೊಂದು ಬಿದ್ದ ಭಾಗಗಳನ್ನು ಬೆಸೆಯಿರಿ, ನಂತರ ಡಿಎಕ್ಸ್‌ಎಫ್ ಆಗಿ ಸೇವ್ ಮಾಡಿ.

ಶೀಟಿನಲ್ಲಿ ಅಕ್ಷರ ಕೊರೆದು ತೆಗೆಯುವುದಾದರೆ ಇನ್ನೊಂದು ಎಚ್ಚರಿಕೆ. ಅನುಸ್ವಾರದ ಸೊನ್ನೆಯ ನಡುವಿನ ತುಂಡು ಉದುರಿ ಅದು ಬರೀ ತೂತಾಗುತ್ತದೆ. ಠ ಅಕ್ಷರದ ಒಳಗೆ ಚುಕ್ಕೆಯ ಸುತ್ತ ಇರುವ ತುಂಡೂ ಹಾಗೇ, ಸುತ್ತಲಿನ ಉಂಗುರ ಹೋದಾಗ ಅದನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ. ಸುತ್ತಿ ಮುಚ್ಚಿಕೊಂಡ ಪ್ರತಿ ಆಕಾರಕ್ಕೂ ಎರಡು ಕಡೆ ಸಣ್ಣ ಸೇತುವೆ ಬಿಡಬೇಕು. ಫೈಲ್ ಕಳಿಸುವ ಮುನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಝೂಮ್ ಮಾಡಿ ನೋಡಿ, ಮನೆಯವರಿಗೂ ತೋರಿಸಿ "ಸರಿ" ಎಂಬ ಮೆಸೇಜ್ ಪಡೆಯಿರಿ.

ಪದೇ ಪದೇ ಆಗುವ ತಪ್ಪುಗಳು

ಯೂನಿಟ್ ಗೊಂದಲ ಎಲ್ಲಕ್ಕಿಂತ ದುಬಾರಿ. ಮಿ.ಮೀ.ನಲ್ಲಿ ಬರೆದ ಫೈಲ್ ಅತ್ತ ಇಂಚು ಎಂದು ತೆರೆದರೆ ಪೀಸು 25.4 ಪಟ್ಟು ದೊಡ್ಡದು. ಅಷ್ಟು ದೊಡ್ಡದಾದರೆ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಆದರೆ ಇಂಕ್‌ಸ್ಕೇಪ್‌ನಿಂದ ಬಂದ ಫೈಲ್‌ನಲ್ಲಿ ಪಿಕ್ಸೆಲ್, ಮಿ.ಮೀ. ಅದಲುಬದಲಾದರೆ ವ್ಯತ್ಯಾಸ ಅಷ್ಟು ಢಾಳಾಗಿ ಕಾಣದು. ಫೈಲ್ ಜೊತೆ "ಹೊರ ಅಳತೆ 240 × 180 ಮಿ.ಮೀ." ಎಂದು ಒಂದು ಸಾಲು ಬರೆದು ಕಳಿಸುವುದು ಕ್ಷೇಮ.

ಒಂದೇ ಗೆರೆ ಎರಡು ಸಲ ಬಿದ್ದಿದ್ದರೆ ಸ್ಕ್ರೀನ್ ಮೇಲೆ ಒಂದೇ ಕಾಣುತ್ತದೆ, ಮಷಿನ್ ಎರಡು ಸಲ ಕಟ್ ಮಾಡುತ್ತದೆ. ಮೂಲೆಯಲ್ಲಿ ಗೆರೆಗಳು ಕೂಡಿಕೊಳ್ಳದೆ ಕೂದಲೆಳೆ ಅಂತರ ಉಳಿದರೆ ಆಕಾರ ಮುಚ್ಚುವುದಿಲ್ಲ, ಒಳಗೆ ಯಾವುದು ಹೊರಗೆ ಯಾವುದೆಂದು ಕಂಟ್ರೋಲರ್‌ಗೆ ತಿಳಿಯುವುದಿಲ್ಲ. ಕಳಿಸುವ ಫೈಲ್‌ನಲ್ಲಿ ಡೈಮೆನ್ಷನ್, ಬಾರ್ಡರ್, ಬೆಂಡ್ ಗೆರೆ ಕಟ್ಟಿಂಗ್ ಲೇಯರ್‌ನಲ್ಲೇ ಉಳಿದರೆ ಅವೂ ಕಟ್ ಆಗಬಹುದು.

ಕಟ್ಟಿಂಗ್‌ನಲ್ಲಿ ಸುಟ್ಟುಹೋಗುವ ಕರ್ಫ್ ಅಗಲವನ್ನು ಸಾಮಾನ್ಯವಾಗಿ ಮಷಿನ್‌ನಲ್ಲೇ ಸರಿದೂಗಿಸುತ್ತಾರೆ. ನೀವೂ ಡ್ರಾಯಿಂಗ್‌ನಲ್ಲಿ ಸೇರಿಸಿದರೆ ಎರಡು ಸಲ ಆಗುತ್ತದೆ. ಪ್ಲಾಸ್ಮಾದಲ್ಲಿ ಕರ್ಫ್ ಮಿ.ಮೀ.ಗಟ್ಟಲೆ ಇರುವುದರಿಂದ ಪೆಟ್ಟು ದೊಡ್ಡದು.

ದಪ್ಪವನ್ನು ಗೇಜ್‌ನಲ್ಲಿ ಹೇಳಬೇಡಿ. 16 ಗೇಜ್ ಎಂದರೆ ಎಸ್‌ಡಬ್ಲ್ಯುಜಿ ಪ್ರಕಾರ 1.63 ಮಿ.ಮೀ., ಅಮೆರಿಕದ ಉಕ್ಕಿನ ಗೇಜ್ ಪ್ರಕಾರ 1.52. ಬೆಂಡಿಂಗ್ ಲೆಕ್ಕ ಅಲ್ಲಿಗೇ ಕೆಡುತ್ತದೆ. ವಿದೇಶಿ ಗಿರಾಕಿಯ ಡ್ರಾಯಿಂಗ್ ಬಂದರೆ ಮೂಲೆಯ ಪ್ರೊಜೆಕ್ಷನ್ ಚಿಹ್ನೆ ನೋಡಿ: ನಮ್ಮಲ್ಲಿ ಫಸ್ಟ್ ಆಂಗಲ್ ರೂಢಿ, ಅಮೆರಿಕದವರದು ಥರ್ಡ್ ಆಂಗಲ್. ಗಮನಿಸದೆ ಮಾಡಿದರೆ ಎಡಗೈ ಬ್ರಾಕೆಟ್ ಬಲಗೈ ಆಗಿ ಬರುತ್ತದೆ.

ಯಾರು ಕೂರಬೇಕು?

ಕಂಪ್ಯೂಟರ್ ಬರುವ ಹುಡುಗನಿಗಿಂತ ಮಾರ್ಕಿಂಗ್ ಬರುವವನನ್ನು ಕೂರಿಸಿ. ತೂತು ಬೆಂಡಿಗೆ ತೀರಾ ಹತ್ತಿರ ಬಂದರೆ ಎಳೆದುಕೊಳ್ಳುತ್ತದೆ, ವೆಲ್ಡಿಂಗ್ ಟಾರ್ಚ್ ಒಳಗೆ ಹೋಗಲು ಜಾಗ ಬೇಕು ಎಂಬುದು ಅವನಿಗೆ ಹೇಳಿಕೊಡಬೇಕಿಲ್ಲ, ಕಮಾಂಡ್‌ಗಳನ್ನು ಕಲಿತುಕೊಳ್ಳುತ್ತಾನೆ. ರಾಜ್ಯದ ಹಲವು ಊರುಗಳಲ್ಲಿರುವ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕೇಂದ್ರಗಳಲ್ಲಿ ಕ್ಯಾಡ್‌ನ ಅಲ್ಪಾವಧಿ ಕೋರ್ಸ್ ನಡೆಯುತ್ತವೆ. ಯಾವ ಸಾಫ್ಟ್‌ವೇರ್ ಮೇಲೆ ಕಲಿಸುತ್ತಾರೆ, ಸಂಜೆ ಬ್ಯಾಚ್ ಇದೆಯೇ ಎಂದು ವಿಚಾರಿಸಿ ಸೇರಿಸಿ. ಒಂದು ಸಾಫ್ಟ್‌ವೇರ್‌ನಲ್ಲಿ ಕೈ ಕುಳಿತರೆ ಇನ್ನೊಂದಕ್ಕೆ ಹೊಂದಿಕೊಳ್ಳುವುದು ಕಷ್ಟವಲ್ಲ.

ಮೊದಲ ದಿನದಿಂದಲೇ ಫೈಲ್‌ಗಳಿಗೆ ಒಂದು ಕ್ರಮ ಇಡಿ. ಗಿರಾಕಿಯ ಹೆಸರು, ಪೀಸಿನ ಹೆಸರು, ದಪ್ಪ, ತಿದ್ದುಪಡಿ ಸಂಖ್ಯೆ ಇಷ್ಟು ಫೈಲ್ ಹೆಸರಿನಲ್ಲೇ ಇರಲಿ. ಡಿಎಕ್ಸ್‌ಎಫ್ ಒಂದನ್ನೇ ಉಳಿಸಿದರೆ ಮುಂದೆ ತಿದ್ದುವುದು ಕಷ್ಟ, ಮೂಲ ಫೈಲ್ ಕೂಡ ಜೊತೆಗಿರಬೇಕು. ವಾಟ್ಸಾಪ್‌ನಲ್ಲಿ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ, ಫೈಲನ್ನೇ ಡಾಕ್ಯುಮೆಂಟ್ ಆಗಿ ಸೇರಿಸಿ. ಖಾತೆ ತೆರೆಯಬೇಕಾದ ಸಾಫ್ಟ್‌ವೇರ್ ಆದರೆ ಘಟಕದ ಇಮೇಲ್‌ನಲ್ಲೇ ತೆರೆಯಿರಿ, ಡ್ರಾಫ್ಟ್ಸ್‌ಮನ್‌ನ ಸ್ವಂತ ಇಮೇಲ್‌ನಲ್ಲಿ ಬೇಡ. ಅವನು ಬೇರೆ ಕಡೆ ಕೆಲಸಕ್ಕೆ ಹೋದ ದಿನ ಪಾಸ್‌ವರ್ಡ್‌ಗಾಗಿ ಫೋನ್ ಮಾಡುತ್ತ ಕೂರಬೇಕಾದೀತು.